ಭರಣಿಯಿಂದ ಬಾಗಿಲಿಗೆ ಬಂದ ಪ್ರಾಣಿ

ಗಾಜಿನ ಪೆಟ್ಟಿಗೆಯ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟು: “ಮಣಿ ತೋರಣ. ತುಳುನಾಡು. ಹೊರಗಿನ ಪ್ರಭಾವಕ್ಕೆ ಒಳಗಾಗದ ಶುದ್ಧ ಜನಪದ ಕಲೆ. ರಚಿಸಿದವರು: ತಿಳಿದುಬಂದಿಲ್ಲ.” ತಿಳಿದುಬಂದಿಲ್ಲವಂತೆ. ಕೇಳಿದ್ದರೆ ತಾನೇ ತಿಳಿಯುವುದು? ನಾನು ಆಗ ಚರಿತ್ರೆಯ ಟೀಚರಾಗಿದ್ದೆ, ನಿವೃತ್ತಿ ಹತ್ತಿರ ಬಂದಿತ್ತು. ಶಾಲೆಯ ಮಕ್ಕಳನ್ನು ಕರೆದುಕೊಂಡು ಆ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ವಿವರಿಸಲು ನಿಂತಿದ್ದ ಹುಡುಗಿ ಕೋಲಿನಿಂದ ತೋರಿಸಿ, “ಈ ಪ್ರಾಣಿಗೆ ಕೋಣದ ಕಿವಿ ಇದೆ ನೋಡಿ ಮಕ್ಕಳೇ, ಇದು ಬಹಳ ಪ್ರಾಚೀನವಾದ ಕೋಣನ ಆರಾಧನೆಯ ಕುರುಹು” ಎಂದಳು. ಮಕ್ಕಳು ಭಕ್ತಿಯಿಂದ ಬರೆದುಕೊಂಡರು. ನನಗೆ ಕಾಲ ಕೆಳಗಿನ ನೆಲ ಬಿಸಿಯಾದಂತಾಯಿತು. ಪ್ರಾಚೀನವೂ ಇಲ್ಲ, ಮಣ್ಣೂ ಇಲ್ಲ. ಆ ಕಿವಿಗಳನ್ನು ಪೋಣಿಸುವಾಗ ನಾನು ಪಕ್ಕದಲ್ಲಿ ಕೂತು ಸೂಜಿಗೆ ನೂಲು ಹಾಕಿ ಕೊಟ್ಟಿದ್ದೆ. ಆ ತೋರಣ ನಮ್ಮ ಮನೆಯ ಬಾಗಿಲಿನದ್ದು. ಅದನ್ನು ಮಾಡಿದವಳು ನನ್ನ ದೊಡ್ಡಮ್ಮ, ನನ್ನ ಅಮ್ಮನ ಸ್ವಂತ ಅಕ್ಕ, ವಾರಿಜ. ಅದರಲ್ಲಿ ಹೊರಗಿನದ್ದಲ್ಲದ ಒಂದೇ ಒಂದು ಮಣಿಯೂ ಇರಲಿಲ್ಲ, ಮತ್ತು ಅದು ನಮ್ಮದಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಈ ಎರಡೂ ಮಾತು ಒಟ್ಟಿಗೆ ನಿಜ. ಅದನ್ನು ಒಪ್ಪದವರ ಮೇಲಿನ ಸಿಟ್ಟಿನಿಂದಲೇ ಈ ಅಧ್ಯಾಯ ಬರೆಯುತ್ತಿದ್ದೇನೆ.

ನಮ್ಮ ಮನೆ ಪಾಣೆಮಂಗಳೂರಿನ ಪೇಟೆಯ ಹಿಂದೆ ಇತ್ತು. ಮುಖ ಪೇಟೆಗೆ, ಬೆನ್ನು ನೇತ್ರಾವತಿಗೆ. ಮನೆ ಅಜ್ಜಿಯದ್ದು. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದಲೇ ಇಳಿದು ಬರುವುದು; ಹಾಗಾಗಿ ಅಮ್ಮ ಮದುವೆಯಾದ ಮೇಲೂ ಅಲ್ಲೇ ಇದ್ದಳು, ಅಪ್ಪ ಬೆಳ್ತಂಗಡಿಯ ಕಚೇರಿಯಲ್ಲಿ ಕೆಲಸ ಮಾಡಿ ಶನಿವಾರ ಸಂಜೆಯ ಬಸ್ಸಿಗೆ ಬಂದು ನೆಂಟರ ಹಾಗೆ ಚಾವಡಿಯಲ್ಲಿ ಕೂರುತ್ತಿದ್ದರು. ಯಜಮಾನಿಕೆ ಮಾವನದ್ದು, ಅಂದರೆ ಅಮ್ಮನ ಅಣ್ಣನದ್ದು. ಪೇಟೆಯಲ್ಲಿ ಅವರಿಗೆ ಜೀನಸಿನ ಅಂಗಡಿ ಇತ್ತು. ಅಂಗಡಿಗಿಂತ ಸಭೆ, ಸಮಿತಿ, ಮಾಲೆ, ಮೈಕು ಇವುಗಳ ಮೇಲೆ ಅವರಿಗೆ ಪ್ರೀತಿ ಹೆಚ್ಚು. ಮನೆಯೊಳಗೆ ಅವರ ಮಾತು ನಡೆಯುತ್ತಿದ್ದದ್ದು ಚಾವಡಿಯವರೆಗೆ ಮಾತ್ರ. ನಡುಕೋಣೆಯ ಹೊಸಿಲು ದಾಟಿದರೆ ಅಜ್ಜಿಯ ರಾಜ್ಯ. ಅಡುಗೆ ಮನೆಗೆ ತಾಗಿದ ಉಗ್ರಾಣಕ್ಕೆ ಕಿಟಕಿಯೇ ಇರಲಿಲ್ಲ. ಅಲ್ಲಿನ ಕತ್ತಲೆಗೆ ಉಪ್ಪು, ಹುಣಸೆ, ಹಳೆಯ ಬೆಲ್ಲದ ವಾಸನೆ. ಆ ಕತ್ತಲೆಯ ಮೂಲೆಯಲ್ಲಿ ನನ್ನ ಎದೆಯ ಎತ್ತರದ ಒಂದು ಭರಣಿ ಕೂತಿತ್ತು.

ಭರಣಿಯ ಬಣ್ಣ ಸುಟ್ಟ ಬೆಲ್ಲದ್ದು. ಮೈ ಹೊಳೆಯುತ್ತಿತ್ತು. ಅದರ ಭುಜದ ಸುತ್ತ ಉಬ್ಬಾಗಿ ಒಂದು ಪ್ರಾಣಿ ಸುತ್ತಿಕೊಂಡಿತ್ತು: ಉದ್ದ ಮೈ, ಮೈಮೇಲೆ ಮೀನಿನ ಹಾಗೆ ಪೊರೆ, ನಾಲ್ಕು ಕಾಲು, ಕಾಲಿಗೆ ಉಗುರು. ತಲೆಯ ಭಾಗ ಎಷ್ಟೋ ತಲೆಮಾರಿನ ಕೈ ತಾಗಿ ಸವೆದುಹೋಗಿತ್ತು. ಅಜ್ಜಿಯ ಅಜ್ಜ ದೋಣಿಯ ಕಾಲದವರು. ಮಳೆಗಾಲ ಮುಗಿದು ನದಿ ಇಳಿದ ಮೇಲೆ ಇಲ್ಲಿಯ ಅಕ್ಕಿ, ಅಡಿಕೆ, ಮೆಣಸು ದೋಣಿಯಲ್ಲಿ ಮಂಗಳೂರು ಬಂದರಿಗೆ ಇಳಿಯುವುದು, ಅಲ್ಲಿಂದ ಉಪ್ಪು, ಒಣಮೀನು, ಬಟ್ಟೆ, ಪಿಂಗಾಣಿ ಮೇಲೆ ಬರುವುದು. ಹಾಗೆ ಒಂದು ಸಲ ಅಕ್ಕಿ ಕೊಟ್ಟು ಭರಣಿ ತಂದರಂತೆ. ಅದು ಚೀನಾದಿಂದ ಹೊರಟದ್ದು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಇರಲಿಲ್ಲ. ಅದರೊಳಗೆ ಉಪ್ಪುನೀರಿನಲ್ಲಿ ಕಾಟುಮಾವಿನಕಾಯಿ ಇರುತ್ತಿತ್ತು. ಮಳೆಗಾಲದ ಗಂಜಿಗೆ ಅದೇ ಆಧಾರ. ಅಜ್ಜಿ ಮಿಂದು ಒಗೆದ ಸೀರೆ ಉಟ್ಟೇ ಅದಕ್ಕೆ ಕೈ ಹಾಕುತ್ತಿದ್ದದ್ದು. ನಾನು ಉಗ್ರಾಣದಲ್ಲಿ ಕೂತು ಆ ಪ್ರಾಣಿಯ ಬೆನ್ನಿನ ಮೇಲೆ ಬೆರಳು ಓಡಿಸುತ್ತಾ ಸುತ್ತು ಬರುವುದು, ಅಮ್ಮ ಬಂದು ಬೆನ್ನಿಗೆ ಒಂದು ಕೊಡುವುದು, ಇದು ವಾರಕ್ಕೊಮ್ಮೆ ನಡೆಯುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ‘ಭರಣಿಯ ಹಲ್ಲಿ’ ಎನ್ನುತ್ತಿದ್ದರು. ಹಲ್ಲಿ ಎಂದ ಮೇಲೆ ಅದರ ಗೋಜಿಗೆ ಯಾರೂ ಹೋಗಲಿಲ್ಲ.

ದೊಡ್ಡಮ್ಮನನ್ನು ಅಳದಂಗಡಿಯ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೊಂಬಾಯಿಗೆ ಹೋಟೆಲು ಕೆಲಸಕ್ಕೆಂದು ಹೋದವನು ಮೊದಲು ಕಾಗದ ಬರೆದ, ಆಮೇಲೆ ಬರೆಯಲಿಲ್ಲ, ಆಮೇಲೆ ಅಲ್ಲಿ ಬೇರೆ ಸಂಸಾರ ಮಾಡಿದ್ದಾನೆ ಎಂದು ಊರಿಗೇ ಗೊತ್ತಾಯಿತು. ಅವಳು ಒಂದು ಟ್ರಂಕು ಹಿಡಿದುಕೊಂಡು ಮನೆಗೆ ಬಂದಳು. ಯಾರೂ ಏನೂ ಕೇಳಲಿಲ್ಲ. ಅವಳ ಮನೆ ಅದು. ಕುತ್ತಿಗೆಯಲ್ಲಿ ಕರಿಮಣಿ ಹಾಗೇ ಇತ್ತು. ಬಂದವಳು ಮಣಿ ತೋರಣ ಮಾಡಲು ಕೂತಳು. ಆಗ ನಮ್ಮ ಕಡೆಯ ಮನೆಗಳ ಬಾಗಿಲಿನ ಮೇಲೆಲ್ಲ ಮಣಿಯ ತೋರಣ ಇರುತ್ತಿತ್ತು. ಗಾಜಿನ ಸಣ್ಣ ಮಣಿ, ಕಡ್ಡಿಯಂಥ ಕೊಳವೆ ಮಣಿ ಸೇರಿಸಿ ನೂಲಿನಲ್ಲಿ ಬಲೆಯ ಹಾಗೆ ಹೆಣೆಯುವುದು, ನಡುವೆ ಎರಡು ಗಿಳಿ ಅಥವಾ ಹಂಸ, ಕೆಳಗೆ ‘ಸುಸ್ವಾಗತ’. ಗಾಳಿ ಬಂದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತದೆ. ಎಲ್ಲರ ಮನೆಯಲ್ಲೂ ಅದೇ ಗಿಳಿ. ದೊಡ್ಡಮ್ಮನಿಗೆ ಗಿಳಿ ಸಾಕಾಗಿತ್ತು. ಮಣಿ ತರುತ್ತಿದ್ದವರು ಹಮ್ಮಬ್ಬ ಬ್ಯಾರಿ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬಳೆ, ರಿಬ್ಬನ್ನು, ಮಣಿ ಮಾರುತ್ತಾ ಮಾಣಿ ಪೇಟೆಯವರೆಗೆ ಹೋಗಿ ಬರುವವರು. ಅವರ ಚಿಕ್ಕಪ್ಪನೊಬ್ಬ ಬಂದರಿನಲ್ಲಿ ಮಂಜಿ ಎನ್ನುವ ಹಾಯಿ ಹಡಗಿನ ಸಾಮಾನು ಇಳಿಸುವ ಕೆಲಸಕ್ಕೆ ಇದ್ದದ್ದೇ ದೊಡ್ಡ ವಿಷಯವಾಗಿ, ಹಮ್ಮಬ್ಬರ ಪೆಟ್ಟಿಗೆಯಲ್ಲಿದ್ದದ್ದೆಲ್ಲ ಕಡಲಿನಾಚೆಯದ್ದು.

“ಈ ಹಸಿರು ಎಲ್ಲಿಯದ್ದು ಬ್ಯಾರಿಗಳೇ?”

“ಚೀನಾದ್ದು ಅಕ್ಕ. ನಿನ್ನೆ ಹಡಗಿನಿಂದ ಇಳಿದದ್ದು.”

“ಹೋದ ಸಲ ಇದನ್ನೇ ಬಸ್ರಾದ್ದು ಅಂದಿದ್ದಿರಿ.”

“ಬಸ್ರಾದಲ್ಲಿ ಸ್ವಲ್ಪ ದಿನ ಕೂತು ಬಂದಿರಬೇಕು ಅದು. ದೂರದ ದಾರಿ ಅಲ್ಲವಾ?”

ದೊಡ್ಡಮ್ಮ ನಗುತ್ತಿದ್ದದ್ದು ಅವರ ಸುಳ್ಳಿಗೆ ಮಾತ್ರ. ಅವು ಬೊಂಬಾಯಿಯಿಂದ ಬಂದದ್ದೋ, ಅದರಾಚೆ ಎಲ್ಲಿಂದ ಬಂದದ್ದೋ ಅವರಿಗೂ ಗೊತ್ತಿರಲಿಲ್ಲ. ಇಲ್ಲಿ ಗಾಜು ಕಾಯಿಸಿ ಮಣಿ ಮಾಡುವವರು ಯಾರೂ ಇರಲಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಮದುವೆಗೆ ಮೂಡಬಿದಿರೆಗೆ ಹೋದೆವು. ಊಟವಾದ ಮೇಲೆ ದೊಡ್ಡಮ್ಮ, “ಬಾ, ಸಾವಿರ ಕಂಬದ ಬಸದಿ ನೋಡುವ” ಎಂದು ನನ್ನನ್ನು ಎಳೆದುಕೊಂಡು ಹೋದಳು. ಬಿಸಿಲು ಕಾದ ಕಲ್ಲಿನ ಮೇಲೆ ಬರಿಗಾಲು. ನಾನು ಎರಡು ಹೆಜ್ಜೆಗೆ ಅಳಲು ಸುರುಮಾಡಿದೆ. ನೆರಳಿರುವ ಕಡೆ ನನ್ನನ್ನು ಕೂರಿಸಿ, ತಾನೂ ಕುಕ್ಕರಗಾಲಿನಲ್ಲಿ ಕೂತು ನನ್ನ ಪಾದ ಉಜ್ಜುತ್ತಿದ್ದವಳ ಕೈ ನಿಂತಿತು. ಮಂಟಪದ ಜಗಲಿಕಟ್ಟೆಯ ಕಲ್ಲಿನಲ್ಲಿ, ಎಲ್ಲರೂ ತಲೆಯೆತ್ತಿ ಕಂಬ ನೋಡುವ ಆ ಜಾಗದಲ್ಲಿ ಯಾರೂ ಬಗ್ಗಿ ನೋಡದಷ್ಟು ಕೆಳಗೆ, ನಮ್ಮ ಉಗ್ರಾಣದ ಪ್ರಾಣಿ ಇತ್ತು. ಅದೇ ತಿರುವು ಮೈ, ಅದೇ ಉಗುರು. ಅದರಿಂದ ಸ್ವಲ್ಪ ದೂರದಲ್ಲಿ ಕುದುರೆಯ ಮೈಗೆ ತೆಂಗಿನ ಗಿಡದಷ್ಟು ಕುತ್ತಿಗೆ ಇಟ್ಟ ಇನ್ನೊಂದು. ಡ್ರ್ಯಾಗನ್, ಜಿರಾಫೆ ಎಂಬ ಮಾತುಗಳು ನಮಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಕಲ್ಲಿನ ಮೇಲೆ ಬೆರಳಿಟ್ಟು, “ನಮ್ಮ ಭರಣಿಯ ಹಲ್ಲಿ ಇಲ್ಲಿಗೆ ಹೇಗೆ ಬಂತು ಬಾಲೆ?” ಎಂದು ನನ್ನನ್ನೇ ಕೇಳಿದಳು. ಹೂ ಕಟ್ಟುತ್ತಾ ಕೂತಿದ್ದ ಒಬ್ಬ ಮುದುಕಮ್ಮ ತಲೆ ಎತ್ತದೆಯೇ ಹೇಳಿದರು:

“ಹಿಂದೆ ಇಲ್ಲಿಯ ಸೆಟ್ಟರು ಹಡಗಿನ ವ್ಯಾಪಾರ ಮಾಡ್ತಿದ್ದರಂತೆ ಅಮ್ಮ. ಅಲ್ಲಿ ಕಂಡದ್ದನ್ನು ಇಲ್ಲಿ ಬಂದು ಹೇಳಿರಬೇಕು. ಕಲ್ಲಿನವನು ಕೇಳಿದ್ದನ್ನು ಕೆತ್ತಿದ್ದಾನೆ.”

ಹಿಂದಿರುಗುವ ಬಸ್ಸು ಸಿದ್ಧಕಟ್ಟೆ ದಾಟಿದ ಮೇಲೆ ದೊಡ್ಡಮ್ಮ ಒಮ್ಮೆ, “ಬಸದಿಯವರೇ ಅದನ್ನು ಒಳಗೆ ಬಿಟ್ಟಿದ್ದಾರೆ” ಎಂದಳು. ಮರುದಿನ ನಡುಕೋಣೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಎಳೆದು, ಒಂದೊಂದು ಚೌಕಕ್ಕೆ ಒಂದೊಂದು ಮಣಿ ಎಂದು ಲೆಕ್ಕ ಹಿಡಿದು, ಆ ಪ್ರಾಣಿಯನ್ನು ಬರೆದಳು. ಅದರ ಪಕ್ಕದಲ್ಲಿ, ಮುಂದಿನ ತೋರಣಕ್ಕೆಂದು, ಉದ್ದ ಕುತ್ತಿಗೆಯದ್ದನ್ನೂ ಬರೆದಿಟ್ಟಳು. ಯಾರೂ ತುಳಿಯಬಾರದೆಂದು ನಾವೆಲ್ಲ ಗೋಡೆಗೆ ಒರಗಿಕೊಂಡು ಓಡಾಡಬೇಕಾಯಿತು. ಗಂಡ ಬಿಟ್ಟ ಹೆಂಗಸು ಎಂದು ಊರವರು ಕೀಳಾಗಿ ಕಾಣುತ್ತಿದ್ದ ನನ್ನ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಮೊಣಕಾಲೂರಿ, ಹಲ್ಲಿನಲ್ಲಿ ನೂಲು ಕಚ್ಚಿಕೊಂಡು ಇದ್ದಾಗಿನ ಮುಖ ನನಗೆ ಈಗಲೂ ಕಾಣುತ್ತದೆ. ಅಷ್ಟು ಖುಷಿಯಾಗಿ ಅವಳು ಇದ್ದದ್ದು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೈ ಮುಗಿದು ಕಾಲು ಬಂದಾಗ ಅಜ್ಜಿ ಬಂದು ನಿಂತರು. ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಎಂತದ್ದು ಇದು?”

“ಭರಣಿಯ ಹಲ್ಲಿ ಅಮ್ಮ.”

“ಹಲ್ಲಿಗೆ ಇಷ್ಟು ಉದ್ದ ಮೈ ಉಂಟಾ? ಇದು ನಾಗ. ನಾಗನಿಗೆ ಕಾಲು ಕಟ್ಟಿ ಬಾಗಿಲಿಗೆ ನೇತು ಹಾಕ್ತೀಯಾ? ದೋಷ ಬಂದರೆ ಅನುಭವಿಸುವುದು ಯಾರು? ನಾನಾ, ನಿನ್ನ ತಂಗಿಯ ಈ ಬಾಲೆಯಾ?”

“ಭರಣಿಯ ಮೇಲೆ ಇಷ್ಟು ವರ್ಷ ಇತ್ತಲ್ಲ?”

“ಭರಣಿಯಲ್ಲಿ ಅದು ಉಪ್ಪು ಕಾಯ್ತಾ ಇತ್ತು. ಬಾಗಿಲಲ್ಲಿ ನಿಂತರೆ ನಾವು ಅದರ ಅಡಿಯಲ್ಲಿ ನಡೀಬೇಕು.”

ನಮ್ಮಲ್ಲಿ ನಾಗನ ವಿಷಯದಲ್ಲಿ ತಮಾಷೆ ಇಲ್ಲ. ನಾಗಬನದ ಒಂದು ಕೊಂಬೆ ಮುರಿದರೂ ಮನೆಯವರಿಗೆ ನಿದ್ದೆ ಬರುವುದಿಲ್ಲ. ಅಮ್ಮ ಅಕ್ಕನ ಪರ ನಿಂತಳು, ಅಜ್ಜಿ ಎರಡು ಹೊತ್ತು ಗಂಜಿ ಬಿಟ್ಟರು, ಮಾವ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎರಡೂ ಕಡೆಗೆ ಸರಿ ಎಂದು ಅಂಗಡಿಗೆ ಹೋದರು. ಕೊನೆಗೆ ದೊಡ್ಡಮ್ಮನೇ ದಾರಿ ಹುಡುಕಿದಳು. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಹೊತ್ತು ನೋಡಿ ಹತ್ತಿರ ಹೋಗಿ ಕೂತಳು.

“ಅಮ್ಮ, ನಾಗನಿಗೆ ಕಿವಿ ಉಂಟಾ?”

“ಇಲ್ಲ. ಅದು ಕಣ್ಣಲ್ಲೇ ಕೇಳುವುದು.”

“ಹಾಗಾದರೆ ಇದಕ್ಕೆ ಕಿವಿ ಇಡ್ತೇನೆ. ಕಿವಿ ಇದ್ದದ್ದು ನಾಗ ಹೇಗಾಗ್ತದೆ?”

ಅಜ್ಜಿ ತುಂಬ ಹೊತ್ತು ಅಗಿದರು.

“ಸಣ್ಣ ಕಿವಿ ಆಗುವುದಿಲ್ಲ. ದೂರದಿಂದ ಕಾಣಬೇಕು. ಮನುಷ್ಯರಿಗೆ ಕಂಡರೆ ಸಾಲದು, ನಾಗನಿಗೂ ಕಾಣಬೇಕು.”

ದೊಡ್ಡಮ್ಮನಿಗೆ ಗೊತ್ತಿದ್ದ ಅತಿ ದೊಡ್ಡ ಕಿವಿ ಕಂಬಳದ ಕೋಣದ್ದು. ಪಕ್ಕಕ್ಕೆ ಚಾಚಿ ಸ್ವಲ್ಪ ಕೆಳಗೆ ಬಗ್ಗಿದ, ನೊಣ ಓಡಿಸುವ ಅಗಲ ಕಿವಿ. ಚೀನಾದ ಪ್ರಾಣಿಗೆ ಕೋಣದ ಕಿವಿ ಬಂದದ್ದು ಹೀಗೆ. ಯಾವ ಪ್ರಾಚೀನ ಆರಾಧನೆಯೂ ಅಲ್ಲ, ಅಜ್ಜಿಯ ಭಯಕ್ಕೆ ಮಗಳು ಕೊಟ್ಟ ಸಮಾಧಾನ. ಕಿವಿಯನ್ನು ಕಪ್ಪಿನಲ್ಲೇ ಮಾಡಬೇಕು, ಇಲ್ಲವಾದರೆ ಕೋಣದ್ದೆಂದು ಯಾರು ನಂಬುತ್ತಾರೆ? ಆದರೆ ಹಮ್ಮಬ್ಬರ ಪೆಟ್ಟಿಗೆಯಲ್ಲಿ ಕಪ್ಪು ಮಣಿ ಇರಲಿಲ್ಲ. ಮುಂದಿನ ವಾರ ತರುತ್ತೇನೆ ಎಂದರು, ಮುಂದಿನ ವಾರವೂ ಇಲ್ಲ. ಮಳೆಗೆ ಮಂಜಿ ಬರುವುದಿಲ್ಲ ಎಂದರು. ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ದೊಡ್ಡಮ್ಮ ಕಪ್ಪು ಮಣಿಗಳನ್ನು ಹಿತ್ತಾಳೆಯ ತಟ್ಟೆಯಲ್ಲಿ ಹರಡಿಕೊಂಡು ಕೂತಿದ್ದಳು. ಅವಳ ಕುತ್ತಿಗೆ ಬರಿದಾಗಿತ್ತು. ನಾನು ಸೂಜಿಗೆ ನೂಲು ಹಾಕಿ ಕೊಟ್ಟೆ, ಅವಳು ಪೋಣಿಸಿದಳು. ಅಮ್ಮ ಬಂದು ನೋಡಿ, ನೀರಿನ ಕೊಡ ತೆಗೆದುಕೊಂಡು ಬಾವಿಗೆ ಹೋದಳು. ಅಜ್ಜಿ ನೋಡಿದರು. ನಮ್ಮಂಥ ಮನೆಯಲ್ಲಿ ಗಂಡ ಬದುಕಿರುವಾಗ ಹೆಂಗಸು ತಾನೇ ಕರಿಮಣಿ ಬಿಚ್ಚುವುದೆಂದರೆ ಆಕಾಶ ಬೀಳಬೇಕು. ಅಜ್ಜಿ ಒಳಗೆ ಹೋಗಿ ಪೆಟ್ಟಿಗೆಯಿಂದ ತನ್ನ ಎಳೆಯಂಥ ಚಿನ್ನದ ಸರ ತಂದು ಮಗಳ ಕುತ್ತಿಗೆಗೆ ಹಾಕಿ, “ಗಂಜಿ ತಣಿಯುತ್ತದೆ, ಬಾ” ಎಂದರು. ನಾಗನ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲ.

ತೋರಣ ಮುಗಿಯುವ ಹೊತ್ತಿಗೆ ಬಂಟ್ವಾಳದಲ್ಲಿ ಒಂದು ಕಲಾ ಪ್ರದರ್ಶನ ಏರ್ಪಾಡಾಗಿತ್ತು. ಮಾವ ಸಮಿತಿಯಲ್ಲಿ ಇದ್ದರು. ಕೈಕೆಲಸದ ವಿಭಾಗಕ್ಕೆ ತೋರಣ ಕೊಡಲು ಅವರೇ ಹೇಳಿದ್ದು. ದೊಡ್ಡಮ್ಮ ಬೇಡ ಎಂದರೂ ಅಮ್ಮ ಬಿಡಲಿಲ್ಲ. ಚೀಟಿಯಲ್ಲಿ ‘ಶ್ರೀಮತಿ ವಾರಿಜ, ಪಾಣೆಮಂಗಳೂರು’ ಎಂದು ನಾನೇ ದುಂಡಗೆ ಬರೆದೆ. ಬಹುಮಾನ ತೀರ್ಮಾನಿಸಲು ದೂರದಿಂದ ಒಬ್ಬ ಪಂಡಿತರನ್ನು ಕರೆಸಿದ್ದರು. ಖಾದಿ ಜುಬ್ಬ, ಹೆಗಲಿನ ಚೀಲ, ನಿಧಾನವಾದ ಪುಸ್ತಕದ ಕನ್ನಡ. ಅವರ ಹೆಸರು ಹೇಳಿ ಅವರಿಗೆ ಇನ್ನೊಂದಿಷ್ಟು ಕೀರ್ತಿ ಕೊಡುವ ಮನಸ್ಸು ನನಗಿಲ್ಲ. ಮಾವ ದೊಡ್ಡಸ್ತಿಕೆಗೆ ಅವರನ್ನು ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಕರೆದುಕೊಂಡು ಬಂದರು. ಅಜ್ಜಿ ಬಡಿಸಿದರು. ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಅನಾನಸಿನ ಮೆಣಸ್ಕಾಯಿ ಗೊಜ್ಜು, ಒಣಮೆಣಸು ಅರೆದ ಸಾರು, ಬಟಾಟೆಯ ಹಪ್ಪಳ, ಕೊನೆಗೆ ಚಹಾ. ಮಹಾನುಭಾವರು ಬೆರಳು ನೆಕ್ಕಿಕೊಂಡು, “ಇದು ನೋಡಿ, ಈ ಮಣ್ಣಿನ ಶುದ್ಧ ಊಟ” ಎಂದರು. ಗೇರು, ಅನಾನಸು, ಮೆಣಸಿನಕಾಯಿ, ಬಟಾಟೆ ಎಲ್ಲವೂ ಹಡಗು ಹತ್ತಿ ಬಂದವು, ಚಹಾ ಆ ಚೀನಾದ್ದೇ ಎಂದು ನನಗೆ ತಿಳಿದದ್ದು ದೊಡ್ಡವಳಾಗಿ ಓದಿದ ಮೇಲೆ. ಅವರು ಓದಿಯೇ ಬಂದವರಲ್ಲವೇ? ಅವರಿಗೆ ತಿಳಿದಿರಲಿಲ್ಲವೇ? ತಟ್ಟೆಗೆ ಬಂದದ್ದು ಯಾರ ದೇಶದ್ದೆಂದು ಕೇಳದ ನಾಲಿಗೆ ಬಾಗಿಲಿಗೆ ಬಂದದ್ದರ ಜಾತಕ ಕೇಳುತ್ತದೆ. ಈ ಬುದ್ಧಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸಂಜೆ ಸಭೆ. ದೊಡ್ಡಮ್ಮ ಮದುವೆಯ ಸೀರೆ ಉಟ್ಟುಕೊಂಡು ಹೆಂಗಸರ ಬೆಂಚಿನಲ್ಲಿ ಕೊನೆಗೆ ಕೂತಿದ್ದಳು, ಅವಳ ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು. ಪಂಡಿತರು ಮೊದಲು ನಮ್ಮ ಸಂಸ್ಕೃತಿ ಯಾರ ಹಂಗೂ ಇಲ್ಲದೆ ಇಲ್ಲೇ ಹುಟ್ಟಿ ಇಲ್ಲೇ ಬೆಳೆದದ್ದೆಂದು ಅರ್ಧ ಗಂಟೆ ಹೇಳಿದರು. ಆಮೇಲೆ ಕೈಸನ್ನೆ ಮಾಡಿ ಒಬ್ಬನಿಂದ ತೋರಣ ತರಿಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಸಿದರು. ಬಹುಮಾನವೇ ಬಂತು ಎಂದು ನಾನು ದೊಡ್ಡಮ್ಮನ ಕೈ ಹಿಡಿದೆ.

“ಇದನ್ನು ನೋಡಿ. ಮಣಿ ಯಾವುದೋ ದೇಶದ್ದು. ಪ್ರಾಣಿ ಚೀನಾದ್ದು. ಇದನ್ನು ನಮ್ಮ ಕಲೆ ಎನ್ನುವುದಾದರೆ ಬಂದರಿನ ಗೋದಾಮನ್ನೂ ನಮ್ಮ ಕಲೆ ಎನ್ನಬೇ​ಕಾಗುತ್ತದೆ. ಹೆಣ್ಣುಮಕ್ಕಳು ಬಾಗಿಲಿಗೆ ಕಂಡದ್ದನ್ನೆಲ್ಲ ಕಟ್ಟಬಾರದು. ಬಾಗಿಲು ಮನೆಯ ಮಾನ.”

ಹಿಂದಿನಿಂದ ಯಾರೋ ಕೂಗಿದರು: “ಚೀನಾದವರು ಗಡಿ ಬಿಟ್ಟು ಪಾಣೆಮಂಗಳೂರಿಗೇ ಬಂದರು ಮಾರಾಯ್ರೆ.”

ಚೀನಾದ ಗಡಿ ಜಗಳ ಎಲ್ಲರ ಬಾಯಲ್ಲಿದ್ದ ಕಾಲ ಅದು. ಸಭೆ ನಕ್ಕಿತು. ವೇದಿಕೆಯ ಮೇಲೆ ಮಾಲೆ ಹಾಕಿಕೊಂಡು ಕೂತಿದ್ದ ಮಾವನೂ ನಕ್ಕರು. ಜೋರಾಗಿ ಅಲ್ಲ, ಉಳಿದವರು ನಗುವಾಗ ಒಬ್ಬರೇ ಸುಮ್ಮನಿರಬಾರದಲ್ಲ ಎನ್ನುವಷ್ಟು. ಅಷ್ಟೇ ಸಾಕಾಗಿತ್ತು. ದೊಡ್ಡಮ್ಮ ಅವರನ್ನೇ ನೋಡುತ್ತಿದ್ದಳು. ಅವಳ ಕೈ ನನ್ನ ಕೈಯೊಳಗಿಂದ ಮೆಲ್ಲಗೆ ಹೊರಗೆ ಹೋಗಿ ಕುತ್ತಿಗೆಯ ಹತ್ತಿರ ನಿಂತಿತು. ಆ ಹೊತ್ತು ನನ್ನೊಳಗೆ ಒಂದು ಸಿಟ್ಟು ಹುಟ್ಟಿತು, ಅದು ಇನ್ನೂ ಹೋಗಿಲ್ಲ. ಚರಿತ್ರೆ ಓದಿದ್ದು, ಪಾಠ ಹೇಳಿದ್ದು, ಹೆಡ್‌ಮಾಸ್ಟರುಗಳ ಹತ್ತಿರ ಜಗಳವಾಡಿ ಊರಿಂದೂರಿಗೆ ವರ್ಗವಾದದ್ದು ಎಲ್ಲಕ್ಕೂ ಬುಡ ಆ ಬೆಂಚು. ಮೈಕಿನ ಮುಂದೆ ನಿಂತು ‘ನಮ್ಮದು’ ಎನ್ನುವವರನ್ನು ಕಂಡರೆ ಅವರ ಹೊಟ್ಟೆಯೊಳಗೆ ಇರುವ ಅನಾನಸು ನನಗೆ ಮೊದಲು ನೆನಪಾಗುತ್ತದೆ.

ಆ ದಿನ ತೋರಣ ಹಿಡಿದುಕೊಂಡು ಮನೆಗೆ ಬಂದ ಕೂಡಲೇ ಅಮ್ಮ ಮಾವನಿಗೆ ಎದುರು ನಿಂತಳು. ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನೀನು ನಕ್ಕೆಯಾ ಇಲ್ಲವಾ, ಅದು ಹೇಳು.”

“ದೊಡ್ಡವರು ಹೇಳಿದ್ದು. ಸಭೆಯಲ್ಲಿ ನಾನು ಎಂತ ಮಾಡಬೇಕಿತ್ತು?”

“ಯಾವುದೋ ದೇಶದ ಮಣಿ ಅಂದರಲ್ಲ, ಆ ಕಪ್ಪು ಮಣಿ ಎಲ್ಲಿಯದ್ದು ಅಂತ ಹೇಳಬೇಕಿತ್ತು. ನಿನ್ನ ತಂಗಿಯ ಕುತ್ತಿಗೆಯದ್ದು ಅದು. ತಾಳಿ ಕಟ್ಟಿಸಿ ಕೊಟ್ಟದ್ದು ನೀನೇ ಅಲ್ಲವಾ?”

ಕರಿಮಣಿಯೂ ಗಾಜೇ, ಅದೂ ಯಾವುದೋ ಕಾಲದಲ್ಲಿ ಯಾವುದೋ ಬಂದರಿನಲ್ಲಿ ಇಳಿದದ್ದೇ ಇರಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ನಮ್ಮ ಮುತ್ತೈದೆತನವೇ ಪರಊರಿನ ಸರಕಿನಿಂದ ಪೋಣಿಸಿದ್ದು. ಹಾಗೆಂದು ಅದು ನಮ್ಮದಲ್ಲ ಎಂದು ಯಾವ ಪಂಡಿತ ಹೇಳಿದ್ದಾನೆ? ದೊಡ್ಡಮ್ಮ ಈ ಜಗಳಕ್ಕೆ ಬರಲಿಲ್ಲ. ನಡುಕೋಣೆಗೆ ಹೋಗಿ, ಒದ್ದೆ ಬಟ್ಟೆ ತೆಗೆದುಕೊಂಡು, ನೆಲದ ಮೇಲೆ ಬರೆದಿಟ್ಟಿದ್ದ ಉದ್ದ ಕುತ್ತಿಗೆಯ ಪ್ರಾಣಿಯನ್ನು ಬಾಲದಿಂದ ತಲೆಯವರೆಗೆ ಒರೆಸಿದಳು. ಅಜ್ಜಿ ಗೋಡೆಗೆ ಒರಗಿ ಅದನ್ನು ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಚಾವಡಿಗೆ ಬಂದರು.

“ಉಂಡ ಮನೆಗೆ ಎರಡು ಬಗೆದು ಹೋದನಾ ಅವನು? ನಾನು ಬಡಿಸಿದ್ದು. ಸ್ಟೂಲು ತಾ.”

“ಈಗ ಯಾಕೆ ಅಮ್ಮ?” ಎಂದರು ಮಾವ.

“ನನ್ನ ಬಾಗಿಲಲ್ಲಿ ಯಾರು ನಿಲ್ಲಬೇಕು ಅಂತ ನಾನು ಹೇಳುವುದು, ಮೈಕಿನವ ಅಲ್ಲ. ಹತ್ತು. ನೀನೇ ಹತ್ತು.”

ಜರಿ ಶಾಲು ಹೆಗಲಲ್ಲಿದ್ದ ಹಾಗೆಯೇ ಮಾವ ಸ್ಟೂಲು ಹತ್ತಿ ಮೊಳೆ ಹೊಡೆದರು. ಕಾಲುಳ್ಳ ನಾಗನೆಂದು ಗಂಜಿ ಬಿಟ್ಟಿದ್ದ ನನ್ನ ಅಜ್ಜಿ ಕೆಳಗೆ ನಿಂತು, ಎಡಕ್ಕೆ, ಬಲಕ್ಕೆ, ಕಿವಿ ಪೇಟೆಯವರಿಗೆ ಕಾಣಲಿ ಎಂದು ಹೇಳಿ ಕಟ್ಟಿಸಿದರು. ಮರುದಿನ ಹಮ್ಮಬ್ಬರು ಬಂದು ತಲೆ ಎತ್ತಿ ನೋಡಿ, “ಇದು ಬಸ್ರಾದಲ್ಲೂ ಇಲ್ಲ ಅಕ್ಕ” ಎಂದರು. ಆ ಒಂದು ಮಾತಿನಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಆದರೆ ದೊಡ್ಡಮ್ಮ ಆಮೇಲೆ ಅಂಥದ್ದನ್ನು ಮಾಡಲಿಲ್ಲ. ಕೇಳಿದವರಿಗೆ ಗಿಳಿ, ಹಂಸ, ಸುಸ್ವಾಗತ. ಒಂದು ಸಭೆಯ ನಗು ಒಬ್ಬ ಹೆಂಗಸಿನ ಬೆರಳನ್ನು ಹೀಗೆ ಕಟ್ಟಿಹಾಕಿತು. ಆ ಉದ್ದ ಕುತ್ತಿಗೆಯ ಪ್ರಾಣಿ ಅವಳ ಕೈಯಲ್ಲಿ ಯಾವ ಕಿವಿ, ಯಾವ ಕೋಡು, ಯಾವ ಹೂವು ಪಡೆಯುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಬಹುಮಾನ ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಅಜ್ಜಿ ಹೋದ ಮೇಲೆ, ನಾನು ಟೀಚರ್ ಟ್ರೈನಿಂಗಿನಲ್ಲಿದ್ದ ವರ್ಷ, ಮನೆ ಪಾಲಾಯಿತು. ಹಳೆ ಸಾಮಾನು ಕೊಳ್ಳುವವರು ಆಗ ಊರೂರು ತಿರುಗುತ್ತಿದ್ದರು. ಕಂಬ, ಕದ, ತೂಗುಮಂಚ ಏನಾದರೂ ಆಗಬಹುದು. ಮಾವ ಭರಣಿಯನ್ನೂ ತೋರಣವನ್ನೂ ಕೊಟ್ಟುಬಿಟ್ಟರು. ದೊಡ್ಡಮ್ಮ ಬಂದವನ ಹತ್ತಿರ ಒಂದೇ ಮಾತು ಕೇಳಿದಳಂತೆ: ಕಿವಿಯ ಕಪ್ಪು ಮಣಿಗಳನ್ನು ಬಿಚ್ಚಿಕೊಳ್ಳಲೇ ಎಂದು. ಪೀಸು ಹಾಳಾಗುತ್ತದೆ, ಆಗುವುದಿಲ್ಲ ಎಂದನಂತೆ ಅವನು. ಇದನ್ನು ಅಮ್ಮ ನನಗೆ ಹೇಳಿದ್ದು ದೊಡ್ಡಮ್ಮ ತೀರಿಕೊಂಡ ಮೇಲೆ. ಮೊದಲೇ ಹೇಳಿದ್ದರೆ ನಾನು ಅವನನ್ನು ಹುಡುಕಿಕೊಂಡು ಹೋಗುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ವಸ್ತುಸಂಗ್ರಹಾಲಯದವರಿಗೆ ನಾನು ಎಲ್ಲವನ್ನೂ ಬರೆದು ಕಳಿಸಿದೆ. ಭರಣಿ, ಬಸದಿ, ನಾಗನ ಭಯ, ಕರಿಮಣಿ ಯಾವುದನ್ನೂ ಬಿಡಲಿಲ್ಲ. ದಾಖಲೆ ಇದೆಯೇ ಎಂದು ಕೇಳಿದರು. ಮತ್ತೆ ಬರೆದೆ, ಮತ್ತೆ ಮತ್ತೆ ಹೋಗಿ ಕೂತೆ. ಬಹಳ ಸಮಯದ ಮೇಲೆ ಚೀಟಿ ಬದಲಾಯಿತು: “ರಚಿಸಿದವರು: ಓರ್ವ ಗೃಹಿಣಿ.” ಒಮ್ಮೆ ಪರದೇಶದ್ದೆಂದು ಹಳಿದು, ಇನ್ನೊಮ್ಮೆ ಶುದ್ಧ ದೇಶೀ ಎಂದು ಗಾಜಿನೊಳಗಿಟ್ಟು, ಕೊನೆಗೆ ಗಂಡನ ಮಣಿ ಬಿಚ್ಚಿ ಕಿವಿ ಮಾಡಿದವಳನ್ನು ಗೃಹಿಣಿ ಮಾಡಿದರು. ಹೆಸರು ಬರೆಯಲು ಮಾತ್ರ ಯಾರ ಪೆನ್ನೂ ಏಳಲಿಲ್ಲ. ಅಂದಿನಿಂದ ನಾನು ಆಗಾಗ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತೇನೆ. ಗಾಜಿನ ಮುಂದೆ ನಿಂತು, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, ಇದನ್ನು ಮಾಡಿದ್ದು ಪಾಣೆಮಂಗಳೂರಿನ ವಾರಿಜಕ್ಕ ಎಂದು ಹೇಳಿ, ಯಾರಾದರೂ ನಿಂತರೆ ಕಿವಿಯ ಕತೆಯನ್ನೂ ಹೇಳಿ ಬರುತ್ತೇನೆ. ಮೊದಮೊದಲು ಬಾಗಿಲಿನ ಕಾವಲುಗಾರ ಗದರಿಸಿದ, ಒಮ್ಮೆ ಹೊರಗೂ ಕಳಿಸಿದ. ಆಮೇಲೆ ಒಂದು ದಿನ ಕತೆ ಪೂರ್ತಿ ಕೇಳಿದ. ಈಗ ನಾನು ಗೇಟಿನ ಹತ್ತಿರ ಕಾಣಿಸಿಕೊಂಡರೆ ಅವನು ಎದ್ದು ನಿಲ್ಲುತ್ತಾನೆ.

“ಬಂದ್ರಾ ಟೀಚರ್? ವಾರಿಜಕ್ಕ ಒಳಗೆ ಇದ್ದಾರೆ, ಹೋಗಿ.”